ಮೂರನೆಯ ಸಲ ಕೇಳುವುದು

ನಗರಾಡಳಿತದ ನೆರೆಹೊರೆ ನೆರವು ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ತಾವು ಕಳುಹಿಸಿದ ಪ್ರಶಂಸಾಪತ್ರ ತಲುಪಿತು. ಅದನ್ನು ಈ ಪತ್ರದ ಜೊತೆಗೇ ಹಿಂದಕ್ಕೆ ಕಳುಹಿಸುತ್ತಿದ್ದೇನೆ. ಸೋಂಕಿನ ಆ ತಿಂಗಳುಗಳಲ್ಲಿ ನನ್ನ ಪಾಲಿಗೆ ಬಂದಿದ್ದ ನಲವತ್ತೆರಡು ಮನೆಗಳು 'ನೂರಕ್ಕೆ ನೂರು ಕ್ಷೇಮ'ವಾಗಿದ್ದವು ಎಂದು ಅದರಲ್ಲಿ ಅಚ್ಚಾಗಿದೆ. ಅದು ಸುಳ್ಳು. ಆ ಮನೆಗಳಲ್ಲೊಂದರಲ್ಲಿ ಒಬ್ಬ ಹೆಂಗಸು ಸತ್ತುಹೋದಳು. ಉಸಿರು ನಿಂತ ಮೇಲೂ ಅವಳು ಕ್ಷೇಮವಾಗಿದ್ದಳು ಎಂದು ನಿಮ್ಮ ದಾಖಲೆ ಹೇಳುತ್ತದೆ. ಹಾಗೆ ಬರೆದ ಕೈ ನನ್ನದು, ಬರೆಯಬೇಕೆಂದ ನಿಯಮ ನಿಮ್ಮದು.

ನಾನು ಹೊಲಿಗೆಯವಳು. ಅಂಗಡಿಗಳಿಗೆಲ್ಲ ಬೀಗ ಬಿದ್ದಾಗ ಸುಮ್ಮನೆ ಕೂತು ಮಿಷನ್ನಿನ ಧೂಳು ಒರೆಸುವುದೇಕೆಂದು ನಿಮ್ಮ ಸ್ವಯಂಸೇವಕರ ಪಟ್ಟಿಗೆ ಸೇರಿಕೊಂಡೆ. ಕೆಲಸ ಸರಳವಾಗಿತ್ತು. ದಿನಾ ಬೆಳಿಗ್ಗೆ ನಲವತ್ತೆರಡು ಮನೆಗೆ ಫೋನು ಮಾಡಬೇಕು, 'ತಾವು ಕ್ಷೇಮವಾಗಿದ್ದೀರಾ?' ಎಂದು ಕೇಳಬೇಕು, ಉತ್ತರವನ್ನು ಗುರುತು ಹಾಕಬೇಕು. ಯೋಜನೆ ರೂಪಿಸಿದವರು ಯಾರೋ ತಿಳಿಯದು. ಅವರು ಬಹುಶಃ ನಮ್ಮ ಜನರ ಜೊತೆ ಎಂದೂ ಮಾತಾಡಿದವರಲ್ಲ. ಚೆನ್ನಾಗಿದ್ದೀರಾ ಅಂದರೆ ನಮ್ಮಲ್ಲಿ ಯಾರಾದರೂ ಇಲ್ಲ ಅನ್ನುವುದುಂಟೇ? ಜ್ವರದಲ್ಲಿ ಕೆಂಡದಂತೆ ಸುಡುತ್ತಿದ್ದರೂ 'ಚೆನ್ನಾಗಿದ್ದೀವಿ, ನೀವು ಹೇಗಿದ್ದೀರಿ' ಅನ್ನುವ ಜನ ನಾವು. ಮೊದಲ ಉತ್ತರ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ಮೂರನೆಯ ಸಲ ಕೇಳಿದಾಗ ನಿಜ ಹೊರಗೆ ಬರುತ್ತದೆ. ಗಿರಾಕಿಯ ಅಳತೆ ತೆಗೆಯುವಾಗಲೂ ಅಷ್ಟೇ. 'ಬಿಗಿ ಆಯ್ತಾ' ಅಂತ ಒಂದೇ ಸಲ ಕೇಳಿ ಕತ್ತರಿ ಹಾಕಿದರೆ ಬಟ್ಟೆ ಕೆಟ್ಟಿತೆಂದೇ ಲೆಕ್ಕ.

ಆದ್ದರಿಂದ ಮೊದಲ ಎರಡು ವಾರ ಪ್ರತಿ ಮನೆಯಲ್ಲೂ ಮೂರು ಸಲ ಕೇಳಿದೆ. ಗೋಡೆಗೆ ಬಣ್ಣ ಬಳಿಯುವವರೊಬ್ಬರು 'ಆರಾಮ್' ಅಂದರು. ಮತ್ತೆ ಕೇಳಿದರೆ 'ಆರಾಮ್ ಅಂದ್ನಲ್ಲಮ್ಮ' ಅಂತ ಸಿಡುಕಿದರು. ಮೂರನೆಯ ಸಲಕ್ಕೆ ದನಿ ಇಳಿಯಿತು: 'ಅಮ್ಮನ ಸಕ್ಕರೆ ಕಾಯಿಲೆ ಮಾತ್ರೆ ಮುಗ್ದು ನಾಲ್ಕು ದಿನ ಆಯ್ತು. ಯಾರನ್ನ ಕೇಳ್ಬೇಕು ಗೊತ್ತಾಗ್ತಿಲ್ಲ.' ಅದೇ ಸಂಜೆ ಮಾತ್ರೆ ಹೋಯಿತು. ಅದನ್ನು ತಲುಪಿಸಿದ್ದು ನಿಮ್ಮ ವಿಭಾಗವೇ, ಆ ಉಪಕಾರವನ್ನು ನಾನು ಮರೆತಿಲ್ಲ. ನಿವೃತ್ತ ಹೆಡ್‌ಮೇಷ್ಟ್ರೊಬ್ಬರು ಮಾತ್ರ ಮೂರನೆಯ ಸಲ, 'ಮೂರು ವಾರದಿಂದ ಹೆಂಡ್ತಿ ಜೊತೆ ಒಂದೇ ರೂಮಲ್ಲಿದ್ದೀನಿ, ಅದಕ್ಕೇನಾದ್ರೂ ಔಷಧಿ ಇದ್ರೆ ಕಳ್ಸಿ' ಅಂದರು. ಹಿಂದಿನಿಂದ ಅವರ ಹೆಂಡತಿ, 'ನನಗೂ ಒಂದು ಡೋಸ್ ಹೇಳಿ' ಅನ್ನುವುದು ಕೇಳಿಸಿತು.

ನನ್ನ ಪಟ್ಟಿಯ ಮೂವತ್ತೊಂದನೆಯ ಮನೆ ಗುಂಡಿಯಕ್ಕನದು. ನನ್ನ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ ಕಾಜ ಕಟ್ಟಿ, ಗುಂಡಿ, ಹುಕ್ಕು ಹಚ್ಚಿದವಳು, ನನಗಿಂತ ದೊಡ್ಡವಳು. ಜೊತೆಗಿದ್ದ ತಮ್ಮ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುವವನು, ಆ ತಿಂಗಳೆಲ್ಲ ಅವನನ್ನು ಅಲ್ಲೇ ಉಳಿಸಿಕೊಂಡಿದ್ದರು. ಇವಳು ಮಹಡಿ ಮೇಲಿನ ಕೋಣೆಯಲ್ಲಿ ಒಬ್ಬಳೇ. ಮೊದಲ ದಿನ ನಿಮ್ಮ ಪ್ರಶ್ನೆಯನ್ನು ನಿಮ್ಮ ಮಾತಿನಲ್ಲೇ ಓದಿದಾಗ ನಕ್ಕುಬಿಟ್ಟಳು. 'ಇದೇನು ಟೈಲರಮ್ಮ, ನನ್ನನ್ನ ತಾವು ಅಂತಿದ್ದೀರಿ, ಕೆಲ್ಸದಿಂದ ತೆಗೆದುಬಿಟ್ರಾ?'

ಅವಳ ಸ್ವಭಾವ ನನಗೆ ಗೊತ್ತು. ಒಮ್ಮೆ ಅಂಗಡಿಯಲ್ಲಿ ಕೈ ಮುದುರಿಕೊಂಡು ಕೂತಿದ್ದಳು. ಏನಾಯ್ತೆಂದರೆ 'ಏನಿಲ್ಲ' ಅಂದಳು. ಮತ್ತೆ ಕೇಳಿದರೆ 'ಸೂಜಿ ಸ್ವಲ್ಪ ತಾಗ್ತು' ಅಂದಳು. ಮೂರನೆಯ ಸಲ ಗದರಿದಾಗ ಬೆರಳು ಬಿಚ್ಚಿ ತೋರಿಸಿದಳು. ಸೂಜಿಯ ಮುರಿದ ತುದಿ ಮಾಂಸದೊಳಗೇ ಇತ್ತು. ಆ ಬೆರಳಿನಲ್ಲೇ ಆರು ಗುಂಡಿ ಹಚ್ಚಿ ಮುಗಿಸಿದ್ದಳು. ಇಂಥವಳನ್ನು ಒಂದೇ ಸಲ ಕೇಳಿ ಬಿಡಬಹುದೇ, ಮಾನ್ಯರೇ?

ಎರಡು ವಾರವಾದ ಮೇಲೆ ನಿಮ್ಮ ಮೇಲ್ವಿಚಾರಕರು ಫೋನು ಮಾಡಿದರು. 'ಮೇಡಂ, ಬೇರೆಯವರದ್ದು ಒಂದು ಕರೆಗೆ ಐವತ್ತು ಸೆಕೆಂಡು, ನಿಮ್ದು ನಾಲ್ಕೂವರೆ ನಿಮಿಷ. ಹರಟೆ ಬೇಡ' ಅಂದರು.

'ಒಂದ್ಸಲ ಕೇಳಿದ್ರೆ ಯಾರೂ ನಿಜ ಹೇಳಲ್ಲ ಸರ್' ಅಂದೆ.

'ಅವ್ರು ಏನು ಹೇಳ್ತಾರೋ ಅದನ್ನ ಬರ್ಕೊಳ್ಳಿ ಸಾಕು. ನಿಜ ಹುಡುಕೋದು ನಮ್ಮ ಕೆಲ್ಸ ಅಲ್ಲ. ನಿಮ್ಮಿಂದ ಇಡೀ ವಾರ್ಡಿನ ಸರಾಸರಿ ಹಾಳಾಗ್ತಿದೆ.'

ಸರಕಾರದ ಕೆಲಸ, ತಿಳಿದವರು ಹೇಳುತ್ತಿದ್ದಾರೆ ಎಂದುಕೊಂಡೆ. ಇಪ್ಪತ್ತೈದು ವರ್ಷ ಅಂಗಡಿ ನಡೆಸಿದವಳು, ಗಿರಾಕಿಗಳ ಜೊತೆ ಜಗಳಕ್ಕೆ ನಿಂತವಳು, ಒಂದು ಫೋನಿಗೆ ಹೆದರಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಮರುದಿನದಿಂದ ಒಂದೇ ಸಲ ಕೇಳತೊಡಗಿದೆ. ನನ್ನ ಸರಾಸರಿ ಐವತ್ತೆರಡು ಸೆಕೆಂಡಿಗೆ ಇಳಿಯಿತು. ನಿಮ್ಮ ಸ್ವಯಂಸೇವಕರ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಹಸಿರು ನಕ್ಷತ್ರವೊಂದು ಬಂತು.

ಗುಂಡಿಯಕ್ಕ ಐದು ದಿನ 'ಚೆನ್ನಾಗಿದ್ದೀನಿ' ಅಂದಳು. ಮೂರನೆಯ ದಿನವೇ ದನಿ ಸಣ್ಣಗಾಗಿತ್ತು. ಈಗತಾನೆ ಎದ್ದಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಐದನೆಯ ದಿನ, 'ಚೆನ್ನಾಗಿದ್ದೀನಿ ಟೈಲರಮ್ಮ, ನಿಮ್ದು ಊಟ ಆಯ್ತಾ?' ಅಂದಳು. ಬೆಳಿಗ್ಗೆ ಒಂಬತ್ತು ಗಂಟೆಗೆ ಎಂಥ ಊಟ? ಆಯ್ತು ಅಂದೆ. ಅವಳು ಫೋನು ಇಡಲಿಲ್ಲ. ಉಸಿರು ಮಾತ್ರ ಕೇಳಿಸುತ್ತಿತ್ತು. ನಾನು ಇನ್ನೊಂದು ಸಲ ಕೇಳುತ್ತೇನೆಂದು, ಅದಾದ ಮೇಲೆ ಮತ್ತೊಂದು ಸಲ ಕೇಳುತ್ತೇನೆಂದು ಅವಳು ಕಾಯುತ್ತಿದ್ದಳು. ಹತ್ತೊಂಬತ್ತು ವರ್ಷ ನಾನು ಹಾಗೆ ಕೇಳಿದ್ದೆನಲ್ಲ. ಫೋನು ನಲವತ್ತೆಂಟು ಸೆಕೆಂಡು ತೋರಿಸುತ್ತಿತ್ತು. ನಾನೇ ಇಟ್ಟುಬಿಟ್ಟೆ.

ಆರನೆಯ ದಿನ ಅವಳು ಫೋನು ಎತ್ತಲಿಲ್ಲ. ನಿಮ್ಮ ಕೈಪಿಡಿಯ ನಾಲ್ಕನೆಯ ಪುಟದಲ್ಲಿ ಅದಕ್ಕೂ ನಿಯಮವಿದೆ: ಉತ್ತರ ಬಾರದಿದ್ದರೆ ಹಿಂದಿನ ದಿನದ ಗುರುತನ್ನೇ ಹಾಕತಕ್ಕದ್ದು. ಬಟ್ಟೆ ಒಗೆಯುತ್ತಿರಬೇಕೆಂದುಕೊಂಡು ಹಾಕಿದೆ. ಏಳನೆಯ ದಿನವೂ ಎತ್ತದಿದ್ದಾಗ, ಸ್ವಯಂಸೇವಕರು ಮನೆಗಳಿಗೆ ಹೋಗಕೂಡದೆಂಬ ಐದನೆಯ ಪುಟವನ್ನು ಮೀರಿ ಹೋದೆ. ಒಳಗಿನಿಂದ ಚಿಲಕ ಹಾಕಿತ್ತು. ಕೆಳಗಿನ ಮನೆಯವರು ಕದ ಒಡೆದರು. ಹಾಸಿಗೆಯ ಪಕ್ಕದಲ್ಲಿ ಬರಿದಾದ ನೀರಿನ ಚೊಂಬು, ಕೈಗೆಟಕುವಂತೆ ಫೋನು. ಹಿಂದಿನ ದಿನ ಬೆಳಗಾಗುವ ಮೊದಲೇ ಜೀವ ಹೋಗಿದೆ ಎಂದರು ಡಾಕ್ಟರು. ನಾನು ಕ್ಷೇಮ ಎಂದು ಗುರುತು ಹಾಕಿದ್ದು ಅಂದು ಒಂಬತ್ತೂ ಕಾಲಿಗೆ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯಿದೆ. ನೀವು ಅದನ್ನೂ ಹಾಕಲಿಲ್ಲ, ಕೋಟೆ ಭದ್ರವಾಗಿತ್ತೆಂದು ವರದಿ ಅಚ್ಚು ಹಾಕಿಸಿದಿರಿ. ನುಣುಪು ಕಾಗದ, ಮುಖಪುಟದಲ್ಲಿ ನಗುವ ಸ್ವಯಂಸೇವಕಿ. ಎರಡು ಲಕ್ಷ ಕರೆಗಳು, ಐವತ್ತು ಸೆಕೆಂಡಿನ ಸರಾಸರಿ. ಎಷ್ಟು ಬೇಗ ಕೇಳಿದಿರಿ ಎಂಬುದಕ್ಕೆ ಆರು ಪುಟವಿದೆ. ಏನು ಕೇಳಿಸಿಕೊಂಡಿರಿ ಎಂಬುದಕ್ಕೆ ಒಂದು ಸಾಲೂ ಇಲ್ಲ. ನಿಮ್ಮ ಕಚೇರಿಯವರೂ ಹಗಲಿರುಳೆನ್ನದೆ ದುಡಿದರು, ಅವರಲ್ಲೂ ಇಬ್ಬರು ತೀರಿಕೊಂಡರೆಂದು ಕೇಳಿದ್ದೇನೆ, ಅವರಿಗಾಗಿ ನನಗೆ ನಿಜವಾಗಿ ದುಃಖವಿದೆ. ಅವರ ಮನೆಯವರನ್ನಾದರೂ ನೀವು ಒಂದಕ್ಕಿಂತ ಹೆಚ್ಚು ಸಲ ಹೇಗಿದ್ದೀರೆಂದು ಕೇಳಿದಿರಾ?

ಗುಂಡಿಯಕ್ಕನ ತಮ್ಮ ನಿಮ್ಮ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿಕೊಂಡಿದ್ದಾನೆ. ಸಾವಿನ ಕಾಗದದಲ್ಲಿ ಸೋಂಕಿನ ಮಾತಿಲ್ಲ. ಹಿಂದಿನ ದಿನದವರೆಗೂ, ಏಕೆ, ಸತ್ತ ದಿನವೂ ಕ್ಷೇಮವಾಗಿದ್ದರೆಂದು ದಾಖಲೆಯಿದೆಯಲ್ಲ ಎಂದು ಗುಮಾಸ್ತರು ನನ್ನ ಗುರುತುಗಳನ್ನೇ ತೆಗೆದು ತೋರಿಸಿದರಂತೆ. ಅವನು ನೇರ ನನ್ನ ಅಂಗಡಿಗೆ ಬಂದು ಅಕ್ಕ ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತ.

'ಚೆನ್ನಾಗಿದ್ಲು ಅಂತ ಬರ್ದಿದ್ದೀರಲ್ಲ ಟೈಲರಮ್ಮ. ಚೆನ್ನಾಗಿದ್ದೋಳು ಹೆಂಗೆ ಸತ್ಲು?'

ಇದ್ದದ್ದನ್ನೆಲ್ಲ ಹೇಳಿದೆ, ನಲವತ್ತೆಂಟು ಸೆಕೆಂಡಿನದನ್ನೂ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. 'ನನಗೆ ಪರಿಹಾರ ಗಿರಿಹಾರ ಏನೂ ಬೇಡ. ಅಕ್ಕಂಗೆ ಹುಷಾರಿರ್ಲಿಲ್ಲ ಅಂತ ಒಂದು ಸಾಲು ಬರ್ಸಿಕೊಡಿ' ಅಂದ. ದಿನಕ್ಕೆ ನಲವತ್ತು ಜನರನ್ನು ತಳ್ಳಿಕೊಂಡು ಹೋಗುತ್ತಿದ್ದವನು ತನ್ನ ಅಕ್ಕನನ್ನು ತಳ್ಳಲಾಗಲಿಲ್ಲವೆಂದು ಅತ್ತ.

ಇದಕ್ಕಾಗಿ ನಿಮಗೆ ಒಂದು ಪತ್ರ ಬರೆದೆ. 'ಪತ್ರ ಸ್ವೀಕೃತವಾಗಿದೆ, ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಎಂದು ಉತ್ತರ ಬಂತು. ಎರಡನೆಯ ಪತ್ರ ಬರೆದೆ. ಅದೇ ಉತ್ತರ, ತಾರೀಖು ಮಾತ್ರ ಬೇರೆ. ನಾನು ಬೇಸರಪಟ್ಟುಕೊಳ್ಳಲಿಲ್ಲ. ಮೊದಲನೆಯದು ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ ಇರಬಹುದು.

ಇದು ಮೂರನೆಯದು. ಈ ಸಲ ಪತ್ರಿಕೆಗೂ ಒಂದು ಪ್ರತಿ ಕಳುಹಿಸಿ, ನಾಲ್ಕು ಜನರ ಮುಂದೆ ಕೇಳುತ್ತಿದ್ದೇನೆ. ಮೂವತ್ತೊಂದನೆಯ ಮನೆಯ ಆ ಕೊನೆಯ ಆರು ಗುರುತುಗಳನ್ನು ಹೊಡೆದುಹಾಕಿ, ಬೇಕಾದರೆ ತಪ್ಪು ನನ್ನದೆಂದೇ ಬರೆಯಿರಿ, ನಾನು ಸಹಿ ಹಾಕುತ್ತೇನೆ. ಆ ಜಾಗದಲ್ಲಿ ಅವಳ ತಮ್ಮ ಬೇಡಿದ ಒಂದು ಸಾಲು ಬರಬೇಕು. ಅವಸರವಿಲ್ಲ, ಐವತ್ತು ಸೆಕೆಂಡು ದಾಟಿದರೂ ಪರವಾಗಿಲ್ಲ. ಈ ಸಲ ನಾನು ಫೋನು ಇಡುವುದಿಲ್ಲ. ಹೇಳಿ, ಗುಂಡಿಯಕ್ಕ ಹೇಗಿದ್ದಳು?

ಇಂತಿ,
ನಲವತ್ತೆಂಟನೆಯ ಸೆಕೆಂಡಿಗೆ ಫೋನು ಇಟ್ಟ ಹೊಲಿಗೆಯವಳು
(ಅಂಗಡಿ ತೆರೆದಿದೆ. ಗುಂಡಿ ಹಚ್ಚುವವರು ಇಲ್ಲ.)