ಹಡಗಿನ ನಟ್ಟನಡುವೆ

ವಿಂಡಮ್ ವೇಲ್, ಮೆಲ್ಬರ್ನ್

ಪೂಜ್ಯ ಅತ್ತೆಯವರಿಗೆ ಸಂಧ್ಯಾರಾಣಿಯ ನಮಸ್ಕಾರಗಳು.

ಫೋನಿನಲ್ಲಿ ಹೇಳಿದರೆ ಇವರ ಕಿವಿಗೆ ಬೀಳುತ್ತದೆ, ಅದಕ್ಕೇ ಪತ್ರ. ಅಲಾಸ್ಕಾ ಹಡಗಿನಲ್ಲಿ ನಮ್ಮ ಮೂವರಿಗೂ ಕೆಳಗಿನ ಅಂತಸ್ತಿನ ನಟ್ಟನಡುವಿನ ಕ್ಯಾಬಿನ್ ಬುಕ್ ಆಯಿತು. ಮೇಲಿನ ಬಾಲ್ಕನಿ ತಪ್ಪಿತೆಂದು ನಿಮ್ಮ ಮಗ ಎರಡು ದಿನ ಮುಖ ಊದಿಸಿಕೊಂಡಿದ್ದರು. ಆದರೆ “ನನಗ ತಲಿ ತಿರಗತೈತಪ್ಪ, ನಡುವ ತಗೋ” ಎಂದು ನೀವು ಅಂದಮೇಲೆ ಎದುರು ಮಾತಾಡಲಿಲ್ಲ. ಹಡಗು ಕಡಿಮೆ ತೂಗಾಡುವುದು ಅಲ್ಲಿಯೇ ಎಂದು ಏಜೆಂಟ್ ಕೂಡ ಹೇಳಿದ.

ನಿನ್ನೆ ನಿಮ್ಮ ಮಗಳು ಹೇಮಲತಕ್ಕ ನಕ್ಕರು: “ಅವ್ವಗ ತಲಿ ತಿರಗೂದಾ? ಘಾಟಿನ ಬಸ್ಸಿನಾಗ ಹಿಂದಿನ ಸೀಟಿನ್ಯಾಗ ಕುಂತು ಚುರಮರಿ ತಿಂತಿದ್ಲು!”

ಆಗ ನನಗೆ ಹೊಳೆಯಿತು. ದೀಪಾವಳಿಗೆ ನಾವು ಸಿಡ್ನಿಗೆ ನಿಮ್ಮಲ್ಲಿಗೆ ಬಂದು ಕಾರಿನಿಂದ ಇಳಿದಾಗ ನನ್ನ ಮುಷ್ಟಿಯಲ್ಲಿದ್ದ ನಿಂಬೆಹಣ್ಣನ್ನು ನೀವು ನೋಡಿಬಿಟ್ಟಿದ್ದಿರಿ. ಪ್ರಯಾಣದಲ್ಲಿ ನನಗೆ ವಾಕರಿಕೆ ಬರುವುದು ಗೊತ್ತಾದರೆ ಇವರು ಅಲಾಸ್ಕಾವನ್ನೇ ಕೈಬಿಡುತ್ತಾರೆಂದು ನಾನು ಹೇಳಿರಲಿಲ್ಲ. ನೀವೂ ಕೇಳಲಿಲ್ಲ. ಸೊಸೆಗೋಸ್ಕರ ಇಲ್ಲದ ತಲೆಸುತ್ತು ತಂದುಕೊಳ್ಳುವ ಅತ್ತೆ ಯಾರಿಗೆ ಸಿಗುತ್ತಾರೆ!

ಒಂದೇ ಕೋರಿಕೆ. ಹಡಗು ಹತ್ತುವ ಊರಿನಲ್ಲಿ ನಾಲ್ಕು ನಿಂಬೆಹಣ್ಣು ಕೊಳ್ಳುತ್ತೇನೆ. ಇವರು ಕೇಳಿದರೆ, ನಿಮ್ಮವೇ ಅನ್ನಿ.

ನಿಮ್ಮ ಸೊಸೆ,
ಸಂಧ್ಯಾರಾಣಿ