ಬೆರಳು ಕಾಣುವಷ್ಟು ವಿಡಿಯೊ ಕೊಡಿ

ನಗರಸಭೆಯ ನೇರಪ್ರಸಾರ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ತಮ್ಮ ನೋಟಿಸು ಕೈಸೇರಿತು. "ಅನಧಿಕೃತ ಪ್ರಸಾರವನ್ನು ತಕ್ಷಣ ನಿಲ್ಲಿಸತಕ್ಕದ್ದು" ಎಂಬ ಸಾಲನ್ನು ನನ್ನ ಅತ್ತೆಗೆ ಕೈಮಾತಿನಲ್ಲಿ ಹೇಳಿದೆ. ಹುಟ್ಟಿನಿಂದ ಕಿವಿ ಕೇಳದ ಅತ್ತೆ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು, ಕುರ್ಚಿಯಲ್ಲಿ ಕುಸಿದು, ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ನಗು ಸಣ್ಣದಲ್ಲ. ಎದುರು ಮನೆಯ ನಾಯಿ ಬೊಗಳತೊಡಗಿತು. ಅವರದು ನಿಂತ ಮೇಲೆ ನನ್ನದು ಶುರುವಾಯಿತು. ಹಾಗಾಗಿ ಈ ಪತ್ರದಲ್ಲಿ ಗಾಂಭೀರ್ಯ ಕೊಂಚ ಕಡಿಮೆಯೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ದೂರು ಮಾತ್ರ ಗಂಭೀರವಾದದ್ದೇ: ತಾವು ಪ್ರಸಾರ ಮಾಡುವ ಸಭೆಯ ವಿಡಿಯೊದಲ್ಲಿ ಸಂಜ್ಞೆ ದುಭಾಷಿಗೆ ಕೈಗಳಿವೆ, ಬೆರಳುಗಳಿಲ್ಲ.

ನನ್ನ ಹೊಟ್ಟೆಪಾಡಿನ ಕೆಲಸ ವಿಡಿಯೊ ಎನ್‌ಕೋಡಿಂಗ್. ಕ್ಯಾಮೆರಾದಿಂದ ಬರುವ ದಪ್ಪನೆಯ ವಿಡಿಯೊವನ್ನು ಅಂತರ್ಜಾಲದಲ್ಲಿ ಸಲೀಸಾಗಿ ಹರಿಯುವಷ್ಟು ತೆಳ್ಳಗೆ ಮಾಡುವುದು. ಅದರಲ್ಲಿ ಗುಟ್ಟೇನೂ ಇಲ್ಲ. ಅಲುಗಾಡದ ಗೋಡೆಯನ್ನು ಒಮ್ಮೆ ಕಳಿಸಿದರೆ ಬಹಳ ಹೊತ್ತು ಸಾಕಾಗುತ್ತದೆ. ಅಲುಗಾಡುವುದಕ್ಕೆ ಕ್ಷಣಕ್ಷಣವೂ ಹೊಸ ಡೇಟಾ ಬೇಕು. ಸಾಲದೆ ಹೋದರೆ ಚಿತ್ರ ಮಸುಕಾಗಿ ಚೌಕಚೌಕವಾಗುತ್ತದೆ. ಈಗ ಹೇಳಿ, ತಮ್ಮ ಪ್ರಸಾರದಲ್ಲಿ ಅತಿ ಹೆಚ್ಚು ಅಲುಗಾಡುವುದು ಯಾವುದು? ದುಭಾಷಿಯ ಕೈಗಳೇ? ಛೆ, ಎಲ್ಲಾದರೂ ಉಂಟೆ! ಪರದೆಯ ಕಾಲುಭಾಗವನ್ನು ಆಕ್ರಮಿಸಿ, ಗಿರಗಿರನೆ ತಿರುಗುತ್ತ, ಕಿಡಿ ಸಿಡಿಸುವ ನಗರಸಭೆಯ ಬಂಗಾರದ ಲಾಂಛನ. ಒಂದೊಂದು ಕಿಡಿಗೂ ಡೇಟಾ ಸಲ್ಲುತ್ತದೆ. ಅದು ಉಂಡು ಬಿಟ್ಟ ಚೂರುಪಾರು, ಮೂಲೆಯಲ್ಲಿ ಅಂಚೆಚೀಟಿಯಷ್ಟು ಜಾಗದಲ್ಲಿ ಕೂತ ದುಭಾಷಿಯ ಪಾಲಿಗೆ. ಅವರ ಬೆರಳುಗಳೆಲ್ಲ ಸೇರಿ ಕಲಸಿದ ಹಿಟ್ಟಿನ ಉಂಡೆಯಂತೆ ಕಾಣುತ್ತವೆ. ಆ ಲಾಂಛನ ಅಷ್ಟೊಂದು ತಿರುಗಿ ಈ ತನಕ ಯಾರಿಗೆ ಯಾವ ಸುದ್ದಿ ಹೇಳಿದೆ, ತಿಳಿಸಿದರೆ ಉಪಕಾರವಾಗುತ್ತದೆ.

ಇದು ಬರೀ ಕಣ್ಣಿನ ತಕರಾರು ಎಂದು ತಾವು ಭಾವಿಸಿರಬಹುದು. ನಡೆದದ್ದನ್ನು ಹೇಳುತ್ತೇನೆ. ಕಿವಿ ಕೇಳದವರ ಕೂಟವೊಂದು ರಜಾದಿನಗಳಲ್ಲಿ ಸೇರುವ, ಮರದ ನೆಲದ ಹಳೆಯ ಭವನವೊಂದಿದೆಯಲ್ಲ, ಅದನ್ನು ಕೆಡವಿ ವಾಹನ ನಿಲ್ಲಿಸುವ ಜಾಗ ಮಾಡಬೇಕೆಂಬ ವಿಷಯ ಸಭೆಗೆ ಬಂತು. ದುಭಾಷಿಯನ್ನು ಕೂರಿಸಿರುವುದು ಸಭಾಂಗಣದ ಪಕ್ಕದ ಕೋಣೆಯಲ್ಲಿ. ಪ್ರೇಕ್ಷಕರ ಸಾಲಿನಿಂದ ಅವರು ಕಾಣುವುದೇ ಇಲ್ಲ. ಹಾಗಾಗಿ ಅತ್ತೆ ಮತ್ತು ಅವರ ಗೆಳತಿಯರು ನಮ್ಮ ಮನೆಯ ಟಿವಿಗೆ ಮೂಗು ತಾಗಿಸಿ ಕೂತು ತಮ್ಮ ಪ್ರಸಾರ ನೋಡಿದರು. ನಾನು ಆಗ ಕೆಲಸದಲ್ಲಿದ್ದೆ. ನಮ್ಮ ಕೈಮಾತಿನಲ್ಲಿ 'ಉಳಿಸು' ಎಂದರೆ ಅಂಗೈಯನ್ನು ಕೆಳಗಿಳಿಸಬೇಕು. 'ಕೆಡವು' ಎಂದರೆ ಅದನ್ನೇ ಬೆರಳು ಮಡಚಿಕೊಂಡು ಇಳಿಸಬೇಕು. ಹಿಟ್ಟಿನ ಉಂಡೆ ಕೆಳಗಿಳಿಯಿತು. ಭವನ ಉಳಿಯಿತೆಂದು ಇವರು ಕುಣಿದಾಡಿದರು.

ಮಾತಿಗಲ್ಲ, ನಿಜವಾಗಿಯೇ ಕುಣಿದರು. ಮರುದಿನ ಭವನದಲ್ಲಿ ದೊಡ್ಡ ಡೋಲೊಂದನ್ನು ನೆಲಕ್ಕೆ ತಾಗಿಸಿಟ್ಟು ಬಾರಿಸಿದರು. ಪೆಟ್ಟಿನ ಅದುರು ಹಲಗೆಯಿಂದ ಕಾಲಿಗೆ ಏರುತ್ತದೆ, ತಾಳ ತಪ್ಪುವುದಿಲ್ಲ. ಆ ಹೊತ್ತಿಗೆ ಟೇಪು, ಸೀಮೆಸುಣ್ಣ ಹಿಡಿದ ಇಬ್ಬರು ಒಳಗೆ ಬಂದರು. "ಸ್ವಲ್ಪ ಸರೀರಿ, ಎಷ್ಟು ಕಾರ್ ಹಿಡಿಯುತ್ತೆ ಅಂತ ಅಳೀಬೇಕು" ಎಂದರಂತೆ. ಯಾರಿಗೆ ಕೇಳಬೇಕು? ಇವರೂ ಕುಣಿಯಲು ಬಂದವರೆಂದು ಅತ್ತೆ ಅವರ ಕೈಗೆ ಕೇಕಿನ ತಟ್ಟೆ ಕೊಟ್ಟರು. ಪಾಪ, ಒಬ್ಬಾತ ಕೇಕು ತಿನ್ನುತ್ತಲೇ ಅತ್ತೆಯ ಕುಣಿಯುವ ಕಾಲುಗಳ ಸುತ್ತ ಒಂದು ಕಾರಿನ ಜಾಗ ಗುರುತು ಹಾಕಿದ. ನಾನು ಬಾಗಿಲಿಗೆ ಬಂದು ನೋಡಿದಾಗ ಕಂಡದ್ದು ಇದು. ವಿಷಯ ತಿಳಿಸಬೇಕಾದವಳು ನಾನೇ. ಆಗ ನನ್ನ ಬೆರಳುಗಳು ಬಹಳ ಸ್ಪಷ್ಟವಾಗಿದ್ದವು, ಮಾನ್ಯರೇ. ಡೋಲು ನಿಂತಿತು.

ತಮ್ಮ ಕಚೇರಿಗೆ ಫೋನು ಮಾಡಿದೆ. "ಕೈ ಕಾಣ್ತಿದೆಯಲ್ಲಮ್ಮ, ಇನ್ನೇನು ಬೇಕು? ದುಭಾಷಿ ಸೌಲಭ್ಯ ಕೊಟ್ಟಾಗಿದೆ" ಎಂಬ ಉತ್ತರ ಬಂತು. ಭವನ ಕೆಡವಲು ಅಂತಿಮ ಮಂಜೂರಾತಿ ಮುಂದಿನ ಸಭೆಯಲ್ಲಿತ್ತು. ಅತ್ತೆ ಕೈಯಲ್ಲೇ ಗದರಿದರು: "ದಿನಾ ಯಾರ್ಯಾರದೋ ವಿಡಿಯೊ ಚೆಂದ ಮಾಡಿ ಕಳಿಸ್ತೀಯಲ್ಲೇ, ನಮ್ಮ ದುಭಾಷಿ ಕೈ ಒಂದು ಚೆಂದ ಮಾಡಕ್ಕಾಗಲ್ವಾ?"

"ಆಗುತ್ತೆ ಅತ್ತೆ. ಆದ್ರೆ ಆ ಕೋಣೇಲಿ ಕ್ಯಾಮೆರಾ ಇಡಕ್ಕೆ ಬಿಡ್ಬೇಕಲ್ಲ?"

"ಬಾಗಿಲು ಒಳಗಿಂದ ತೆಗೆಯೋಳು ಅವಳೇ ತಾನೆ? ಅವಳನ್ನ ಕೇಳು."

ಕೇಳಿದೆ. ದುಭಾಷಿ ತಾವೇ ಕಾಣಿಸಿಕೊಳ್ಳುವ ಪ್ರಸಾರವನ್ನು ಎಂದೂ ನೋಡಿರಲಿಲ್ಲ. ಆ ಹೊತ್ತಿಗೆಲ್ಲ ಕೆಲಸದಲ್ಲಿರುತ್ತಾರಲ್ಲ. ನನ್ನ ಫೋನಿನಲ್ಲಿ ತೋರಿಸಿದೆ. "ಅಯ್ಯೋ, ಇದು ನಾನಾ? ಇಷ್ಟು ದಿನ ನಾನು ಕೂತು ಹಿಟ್ಟು ನಾದ್ತಿದ್ದೆನಾ?" ಎಂದವರೇ ಬಾಗಿಲು ಹಾರುಹೊಡೆದರು. ಹಿಂದೆ ಕಪ್ಪು ಬಟ್ಟೆ, ಎದುರಿಗೊಂದು ದೀಪ, ಸ್ಟ್ಯಾಂಡಿನ ಮೇಲೆ ನನ್ನ ಫೋನು, ಅದರಿಂದ ಅಂತರ್ಜಾಲಕ್ಕೆ ನಮ್ಮದೇ ನೇರಪ್ರಸಾರ. ಲಾಂಛನವಿಲ್ಲ, ಕಿಡಿಯಿಲ್ಲ. ಇದ್ದಬದ್ದ ಡೇಟಾವೆಲ್ಲ ಆ ಎರಡು ಕೈಗಳಿಗೆ ಮತ್ತು ಮುಖಕ್ಕೆ. ಭವನದಲ್ಲಿ ಬಿಳಿ ಬೆಡ್‌ಶೀಟು ಕಟ್ಟಿ ಎಲ್ಲರೂ ನೋಡಿದರು. ಅತ್ತೆಯೂ ನಾನೂ ಸಭಾಂಗಣದಲ್ಲೇ, ಪ್ರೇಕ್ಷಕರ ಸಾಲಿನಲ್ಲಿ, ಟ್ಯಾಬ್ ಹಿಡಿದು ಕೂತೆವು.

ಅಬ್ಬಾ, ಆ ಹೆಂಗಸು ಎಂಥ ಕಲಾವಿದೆ! ಸದಸ್ಯರೊಬ್ಬರು ಆಕಳಿಸಿದ್ದನ್ನೂ ಬಿಡಲಿಲ್ಲ. ದಪ್ಪ ಮೀಸೆಯ ಸದಸ್ಯರೊಬ್ಬರು ಎದ್ದು, "ದಿನಾ ಆ ಭವನದ ಮುಂದೇನೇ ಓಡಾಡ್ತೀನಿ ಸ್ವಾಮಿ. ಒಳಗಿಂದ ಒಂದು ಮಾತು ಕೇಳಿಸಿದ್ದಿಲ್ಲ. ಯಾರೂ ಬಳಸ್ತಾನೇ ಇಲ್ಲ!" ಎಂದರು. ಮೀಸೆ ಹುರಿ ಮಾಡಿದ್ದೂ ಸೇರಿ ಎಲ್ಲವೂ ಟ್ಯಾಬಿಗೆ ಬಂತು. ಅತ್ತೆ ನಕ್ಕರು. ಸಭೆಗೆ ಸಭೆಯೇ ಹಿಂತಿರುಗಿ ನೋಡಿತು. ಅತ್ತೆ ಎದ್ದು ನಿಂತರು, ಅವರ ಕೈಮಾತಿಗೆ ನಾನು ದನಿ ಕೊಟ್ಟೆ:

"ಸದ್ದಿಲ್ಲ ಅಂತ ಜನಾನೇ ಇಲ್ಲ ಅಂದ್ಕೊಂಡ್ರಾ ಸ್ವಾಮಿ? ನಾವು ಕಿವುಡರು. ಅಲ್ಲಿ ಮಾತಾಡ್ತೀವಿ, ಹರಟೆ ಹೊಡೀತೀವಿ, ಕೈ ಸೋಲೋ ತನಕ ಜಗಳಾನೂ ಆಡ್ತೀವಿ. ಹೊರಗೆ ನಿಂತು ಕೇಳಿಸ್ಕೋಬೇಡಿ. ಒಳಗೆ ಬಂದು ನೋಡಿ."

ಮೊದಲು ನಕ್ಕವರು ಆ ಮೀಸೆಯವರೇ. ಕೆಂಪಗಾಗಿ, ಮುಖ ಮುಚ್ಚಿಕೊಂಡು ನಕ್ಕರು. ಅಧ್ಯಕ್ಷರು ವಿಷಯವನ್ನು ಮುಂದೂಡಿ, ಆ ವಾರವೇ ಎಲ್ಲರನ್ನೂ ಭವನಕ್ಕೆ ಕರೆತಂದರು. ಮೀಸೆಯವರು ಬೂಟು ಕಳಚಿ ಹಲಗೆಯ ಮೇಲೆ ನಿಂತರು. ಅತ್ತೆ ಡೋಲಿಗೊಂದು ಪೆಟ್ಟು ಕೊಟ್ಟರು. "ಅರೆ, ಕಾಲಿಂದ ಕೇಳಿಸ್ತಿದೆಯಲ್ರೀ!" ಎಂದು ಆ ಮನುಷ್ಯ ಕುಣಿಯಲು ನಿಂತವರು ಊಟದ ಹೊತ್ತಾದರೂ ನಿಲ್ಲಿಸಲಿಲ್ಲ. ಪ್ರಸ್ತಾವವನ್ನು ಕೈಬಿಟ್ಟಿದ್ದಾರೆ. ನಾವಿನ್ನೂ ನೆಲದ ಮೇಲೆ ಕಾಲಿಟ್ಟಿಲ್ಲ.

ಇಂಥ ಸಂತೋಷದ ನಡುವೆ ತಮ್ಮ ನೋಟಿಸು. ತಮ್ಮ ಸಂಕಟವೂ ಅರ್ಥವಾಗುತ್ತದೆ. ಕಿವಿ ಚೆನ್ನಾಗಿರುವವರೂ ಈಗ ತಮ್ಮ ಪ್ರಸಾರ ಬಿಟ್ಟು ನಮ್ಮದನ್ನೇ ನೋಡುತ್ತಿದ್ದಾರಂತೆ. ಕೈಯಲ್ಲಿ ಸಭೆ ಹೆಚ್ಚು ತಿಳಿಯುತ್ತದಂತೆ. ಆದರೆ ಅಧಿಕೃತವಾದದ್ದು ಅರ್ಥವಾಗದೆ, ಅರ್ಥವಾದದ್ದು ಅನಧಿಕೃತವಾದರೆ, ನಾಗರಿಕರು ಯಾವುದನ್ನು ಪಾಲಿಸಬೇಕು? ನಮ್ಮ ಬೇಡಿಕೆ ಇಷ್ಟೇ. ದುಭಾಷಿಗೆ ಪರದೆಯ ಅರ್ಧ ಜಾಗ ಕೊಡಿ, ಬೆರಳು ಬೇರೆಬೇರೆಯಾಗಿ ಕಾಣುವಷ್ಟು ಡೇಟಾ ಕೊಡಿ, ಲಾಂಛನಕ್ಕೆ ವಿಶ್ರಾಂತಿ ಕೊಡಿ. ನಾನೇ ಬಂದು ಸರಿಪಡಿಸಿಕೊಡುತ್ತೇನೆ. ಅಲ್ಲಿಯವರೆಗೆ ನಮ್ಮ ಪ್ರಸಾರ ನಿಲ್ಲುವುದಿಲ್ಲ.

ಕೊನೆಗೊಂದು ಮಾತು, ಅತ್ತೆ ಹೇಳಿ ಬರೆಸುತ್ತಿರುವುದು. ಕೈಮಾತಿನಲ್ಲಿ ಹೆಸರನ್ನು ಅಕ್ಷರ ಕೂಡಿಸಿ ಹೇಳುತ್ತ ಕೂರುವುದಿಲ್ಲ; ಮನುಷ್ಯನನ್ನು ನೋಡಿ, ಅವನ ಗುಣಕ್ಕೋ ಚಹರೆಗೋ ತಕ್ಕ ಒಂದು ಸಂಜ್ಞೆಯನ್ನು ಕೂಟದವರೇ ಇಡುತ್ತಾರೆ. ಅಧ್ಯಕ್ಷರಿಗೆ ಇಟ್ಟಾಯಿತು. ತಮಗೆ ಇನ್ನೂ ಇಟ್ಟಿಲ್ಲ. ಮುಂದಿನ ಸಭೆಯ ಪ್ರಸಾರ ನೋಡಿ ಇಡುತ್ತಾರಂತೆ. ಒಮ್ಮೆ ಇಟ್ಟ ಹೆಸರನ್ನು ಅವರು ಬದಲಿಸುವುದಿಲ್ಲ.

ಇಂತಿ,
ತಮಗೂ ಅತ್ತೆಗೂ ನಡುವೆ ಸಿಕ್ಕಿಕೊಂಡು,
ಇಬ್ಬರಲ್ಲಿ ಅತ್ತೆಗೇ ಹೆಚ್ಚು ಹೆದರುವ
ಒಬ್ಬ ಸೊಸೆ