ದಸರೆ ದಾಟಿದ ದ್ರಾಕ್ಷಿ ಬಳ್ಳಿ

ಖಾಸಿಂ ಚಾಚಾ, ನಿಮ್ಮ ಪಕ್ಕದ ಮನೆಯ ಶರಣಪ್ಪನ ಶರಣು, ಸಲಾಂ ಎರಡೂ ತಿಳಿಯಿರಿ.

ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನ ಬರಹ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಹೇಳದಿದ್ದರೆ ಜೀವಕ್ಕೆ ಸಮಾಧಾನವಿಲ್ಲ.

ನೀವು ಹೈದರಾಬಾದಿನಿಂದ ಆ ದ್ರಾಕ್ಷಿ ಕಡ್ಡಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದ ದಿನ ಸೇಡಂ ಸ್ಟೇಷನ್ನಿನಲ್ಲಿ ಜನ ನಕ್ಕಿದ್ದರು. ನಿಜಾಮರ ಕಾಲದಲ್ಲಿ ನೀವು ಅಲ್ಲಿ ದ್ರಾಕ್ಷಿ ತೋಟದ ಮಾಲಿ. "ಆ ಹಣ್ಣಿಂದ ಶರಾಬು ಮಾಡ್ತಿದ್ರಂತಲ್ಲ ಚಾಚಾ?" ಎಂದು ನಾನು ಅಂಜುತ್ತ ಕೇಳಿದರೆ, "ಬಳ್ಳಿ ತನಕ ನಂದು, ಬಾಟ್ಲಿ ದೊಡ್ಡವರದು" ಎಂದಿರಿ.

ಮೊದಲ ಬೇಸಿಗೆ ನೆನಪಿದೆಯೇ? ನಿಮ್ಮ ಹಿತ್ತಲಿನ ಶಹಾಬಾದ್ ಕಲ್ಲಿನ ಕಂಬಕ್ಕೆ ನಾನು ಎಳೆಯ ಕುಡಿ ಕಟ್ಟಿದೆ. ಮಧ್ಯಾಹ್ನಕ್ಕೆ ಕಾದ ಕಲ್ಲು ಕುಡಿಯನ್ನು ಸುಟ್ಟಿತು. ನೀವು ಬೈಯಲಿಲ್ಲ, ಕಂಬಕ್ಕೆ ಗೋಣಿ ಸುತ್ತಿದಿರಿ. ಅಂದಿನಿಂದ ಆ ಬಳ್ಳಿ ಮುಟ್ಟಲು ನನಗೆ ಭಯ.

ಕತ್ತರಿ ಹಿಡಿದಾಗಲೆಲ್ಲ ಹೇಳುತ್ತಿದ್ದಿರಿ: "ಥಂಡಿ ದೇಶದಾಗ ಬಳ್ಳಿನ್ನ ಚಳಿ ಮಲಗಸ್ತದ. ನಮ್ಮಲ್ಲಿ ಅಂಥಾ ಚಳಿ ಎಲ್ಲದ? ಕತ್ತರಿನೇ ಮಲಗಸ್ಬೇಕು, ಕತ್ತರಿನೇ ಎಬ್ಬಸ್ಬೇಕು." ಯುಗಾದಿಯಾದ ಮೇಲೆ ಒಮ್ಮೆ, ಕಡ್ಡಿ ಬಲಿಯಲು. ದಸರೆಯಾದ ಮೇಲೆ ಒಮ್ಮೆ, ಹಣ್ಣಿಗೆ. "ನಮ್ಮ ಈದ್ ವರ್ಷಾ ವರ್ಷಾ ಹಿಂದ ಸರಿತದ. ಬಳ್ಳಿಗಿ ನಿಮ್ಮ ಹಬ್ಬಾನೇ ಲೆಕ್ಕ. ಹಬ್ಬ ಬಂತಂತ ಹೇಳೋದು ನಿನ್ನ ಡ್ಯೂಟಿ, ಶರಣು."

ದಸರೆಗೆ ಎಂಟು ದಿನ ಮೊದಲು ನೀವು ಕಣ್ಣು ಮುಚ್ಚಿದಿರಿ. ಹಬ್ಬ ಬಂತು. ಯಾರಿಗೆ ಹೇಳಲಿ? ನಾನು ಕತ್ತರಿಸಿ ಬಳ್ಳಿ ಸತ್ತರೆ ನೀವು ಎರಡನೇ ಸಲ... ಕತ್ತರಿ ಮುಟ್ಟಲಿಲ್ಲ. ಆ ವರ್ಷ ಬರೀ ಎಲೆ, ಒಂದು ಗೊಂಚಲೂ ಇಲ್ಲ. ಚಾಚಿ ಬಂದು ನೋಡಿ, "ಅವರು ಹೋದ್ರಂತ ಬಳ್ಳಿಗೂ ರಜಾ ಕೊಟ್ಟೀಯೇನೋ?" ಎಂದರು.

ಮುಂದಿನ ಯುಗಾದಿಗೆ ಚಾಚಿಯೇ ನಿಮ್ಮ ಕತ್ತರಿ ತಂದು ಕೈಗಿಟ್ಟರು. ಕತ್ತರಿಸಿದೆ. ದಸರೆಯಾದ ಮೇಲೂ ಕತ್ತರಿಸಿದೆ. ಆಮೇಲೆ ದಿನಕ್ಕೆ ನಾಲ್ಕು ಸಲ ಹೋಗಿ ಆ ಬೋಳು ಕಡ್ಡಿಗಳನ್ನು ನೋಡುತ್ತಿದ್ದೆ. ಹತ್ತು ದಿನಕ್ಕೆ ಚಿಗುರಿನ ಕಣ್ಣೊಡೆಯಿತು, ಚಾಚಾ.

ಹೋಳಿಯ ಹೊತ್ತಿಗೆ ಹಣ್ಣಾಯಿತು. ಮೊದಲ ಗೊಂಚಲು ಚಾಚಿಗೆ ಕೊಟ್ಟೆ. ಒಂದು ಬಾಯಿಗಿಟ್ಟು, "ಹುಳಿ ಅದ" ಎಂದರು. "ಅವರದೂ ಮೊದಲನೇ ವರ್ಷ ಹುಳೀನೇ ಇತ್ತು" ಎಂದು ಉಳಿದದ್ದನ್ನು ಸೆರಗಿಗೆ ಕಟ್ಟಿಕೊಂಡರು.

ಬರುವ ಮಂಗಳವಾರ ಯುಗಾದಿ, ಚಾಚಾ. ಹೇಳುವುದು ನನ್ನ ಡ್ಯೂಟಿ, ಹೇಳಿದ್ದೇನೆ.